ಪ್ರೊಸೆಸ್‌ವೈರ್‌ನಲ್ಲಿ ಆಬ್ಜೆಕ್ಟ್ ಮೆಥಡ್‌ಗಳು: ಇರುವುದನ್ನು ಬಳಸುವುದು, ಇಲ್ಲದ್ದನ್ನು ಸೇರಿಸುವುದು

ಕೆಲವು ವರ್ಷಗಳ ಹಿಂದೆ ಒಂದು ವಾಚನಾಲಯಕ್ಕೆ ಪುಸ್ತಕಗಳ ಪಟ್ಟಿಯ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಪ್ರತಿ ಪುಸ್ತಕದ ಕೆಳಗೆ, ಅದರ ಪರಿಚಯ ಓದಲು ಎಷ್ಟು ನಿಮಿಷ ಬೇಕು ಅಂತ ತೋರಿಸಬೇಕಿತ್ತು. ಆಗ ನನಗೆ ತೋಚಿದ್ದು ಒಂದೇ ದಾರಿ. ಸಿಎಂಎಸ್‌ನ (ಸೈಟ್‌ನ ಪುಟಗಳನ್ನು ನಿಭಾಯಿಸುವ ತಂತ್ರಾಂಶದ) ಸ್ವಂತ ಫೈಲ್ ತೆರೆದೆ, ಪೇಜ್ ಕ್ಲಾಸ್‌ನ ಕೊನೆಯಲ್ಲಿ ನನ್ನದೊಂದು ಫಂಕ್ಷನ್ ತುರುಕಿದೆ. ಚೆನ್ನಾಗಿಯೇ ಓಡಿತು. ಆಮೇಲೊಂದು ದಿನ ಹೊಸ ಆವೃತ್ತಿ ಹಾಕಿದೆ. ಹಳೆಯ ಫೋಲ್ಡರ್ ಹೋಗಿ ಹೊಸದು ಬಂತು, ನನ್ನ ಫಂಕ್ಷನ್ ಹಳೆಯದರ ಜೊತೆಗೇ ಹೋಯಿತು. ಸೈಟ್ ತೆರೆದರೆ ಬರೀ ಬಿಳಿ ಪುಟ.

ಕೋರ್ ಫೈಲ್ ಮುಟ್ಟದೆ ಇದೇ ಕೆಲಸ ಮಾಡಲು ಪ್ರೊಸೆಸ್‌ವೈರ್ ಅನ್ನುವ ಸಿಎಂಎಸ್‌ನಲ್ಲಿ ಎರಡು ಒಳ್ಳೆಯ ದಾರಿಗಳಿವೆ. ಒಂದು ಹುಕ್, ಅಂದರೆ ಇರುವ ಕೋಡ್‌ಗೆ ಹೊರಗಿನಿಂದ ನಮ್ಮ ಕೋಡ್ ತಗುಲಿಸುವ ಕೊಕ್ಕೆ. ಇನ್ನೊಂದು ಪೇಜ್ ಕ್ಲಾಸ್, ಅಂದರೆ ಒಂದು ಬಗೆಯ ಪುಟಗಳಿಗೆ ನಮ್ಮದೇ ಮೆಥಡ್‌ಗಳನ್ನು (ಆಬ್ಜೆಕ್ಟ್‌ಗೆ ಸೇರಿದ ಫಂಕ್ಷನ್‌ಗಳನ್ನು) ಇಡುವ ಜಾಗ. ಯಾವುದನ್ನು ಎಲ್ಲಿ ಬಳಸಬೇಕು ಅನ್ನೋದೇ ಜಾಸ್ತಿ ಜನರಿಗೆ ಗೊಂದಲ. ನನ್ನ ಲೆಕ್ಕ ಸರಳ. ಪುಟವನ್ನು ನೀವು ಏನಾದರೂ ಕೇಳ್ತಿದ್ದೀರಾ? ಹಾಗಿದ್ದರೆ ಕ್ಲಾಸ್. ಪುಟಕ್ಕೆ ಏನಾದರೂ ಆದಾಗ ನೀವು ಮಧ್ಯೆ ಬರಬೇಕಾ? ಹಾಗಿದ್ದರೆ ಹುಕ್.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಫೋನಿನಲ್ಲಿ ಗೆಳೆಯನಿಗೆ ಕೋಡ್ ಹೇಳಿ ಬರೆಸುವ ಹಾಗೆ, ಇಲ್ಲಿನ ಸಾಲುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಪ್ರೊಸೆಸ್‌ವೈರ್‌ನ ಮತ್ತು ಪಿಎಚ್‌ಪಿಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಎರಡು ಮೂರು ಪದ ಸೇರಿ ಆದ ಪ್ರೊಸೆಸ್‌ವೈರ್ ಮೆಥಡ್‌ನ ಹೆಸರಿನಲ್ಲಿ ಮೊದಲ ಪದ ಸಣ್ಣಕ್ಷರದಲ್ಲಿ ಶುರುವಾಗುತ್ತದೆ, ಮುಂದಿನ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಕ್ಲಾಸ್‌ನ ಹೆಸರಾದರೆ ಮೊದಲ ಪದವೂ ದೊಡ್ಡಕ್ಷರದಿಂದಲೇ. ಆಡ್‌ಹುಕ್‌ಆಫ್ಟರ್ ಅಂದರೆ ‘ಆಡ್’ ಸಣ್ಣದು, ‘ಹುಕ್’ ಮತ್ತು ‘ಆಫ್ಟರ್’ ದೊಡ್ಡಕ್ಷರದಿಂದ. ಟೆಂಪ್ಲೇಟ್ (ಪುಟದ ಬಗೆ) ಮತ್ತು ಫೀಲ್ಡ್‌ಗಳ (ಪುಟದಲ್ಲಿ ಮಾಹಿತಿ ತುಂಬುವ ಜಾಗಗಳ) ಹೆಸರಿಗೂ ಇಂಗ್ಲಿಷ್ ಅಕ್ಷರವೇ ಬೇಕು. ನಿಮ್ಮದೇ ವೇರಿಯಬಲ್‌ಗಳ ವಿಷಯ ಬೇರೆ. ಡಾಲರ್ ಚಿಹ್ನೆಯ ಮುಂದೆ ‘ಪುಸ್ತಕ’ ಅಂತ ಕನ್ನಡದಲ್ಲೇ ಬರೆದರೂ ಪಿಎಚ್‌ಪಿ ತಕರಾರು ಮಾಡುವುದಿಲ್ಲ. ತಂಡದಲ್ಲಿ ಬೇರೆಯವರೂ ಇದ್ದರೆ ಹಾಗೆ ಮಾಡಬೇಡಿ, ಅಷ್ಟೇ.

## ಮೊದಲ ಹೆಜ್ಜೆ: ಕೈಯಲ್ಲಿರುವುದೇನು ನೋಡಿ

ಪ್ರೊಸೆಸ್‌ವೈರ್ ಪಿಎಚ್‌ಪಿಯಲ್ಲಿ ಬರೆದ ಮುಕ್ತ ತಂತ್ರಾಂಶ. ಇದನ್ನು ಕಟ್ಟಿದವರು ರಯಾನ್ ಕ್ರೇಮರ್. ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಒಂದರ ಹಿಂದೆ ಒಂದು ಮೆಥಡ್ ಪೋಣಿಸುವ ಅಭ್ಯಾಸ ಇದ್ದವರಿಗೆ ಇದು ತಕ್ಷಣ ಒಗ್ಗುತ್ತದೆ, ಇದರ ಎಪಿಐಗೆ (ನಮ್ಮ ಕೋಡ್‌ನಿಂದ ಇದನ್ನು ಬಳಸುವ ವಿಧಾನಕ್ಕೆ) ಸ್ಫೂರ್ತಿಯೇ ಜೆಕ್ವೆರಿ.

ಟೆಂಪ್ಲೇಟ್ ಫೈಲ್ ಒಳಗೆ ಕೆಲವು ಆಬ್ಜೆಕ್ಟ್‌ಗಳು ತಾವಾಗಿಯೇ ಸಿಗುತ್ತವೆ. $ಪೇಜ್ ಅಂದರೆ ಈಗ ತೆರೆದಿರುವ ಪುಟ. $ಪೇಜಸ್ ಅಂದರೆ ಸೈಟ್‌ನ ಎಲ್ಲ ಪುಟಗಳನ್ನು ಹುಡುಕಿಕೊಡುವ, ಉಳಿಸುವ ಮೇಸ್ತ್ರಿ. $ಇನ್‌ಪುಟ್, $ಸ್ಯಾನಿಟೈಸರ್, $ಯೂಸರ್, $ಕಾನ್ಫಿಗ್ ಹೀಗೆ ಇನ್ನಷ್ಟು. ಇಲ್ಲಿ ಬಳಕೆದಾರನೂ ಒಂದು ಪುಟವೇ. ಯೂಸರ್ ಕ್ಲಾಸ್ ಹುಟ್ಟಿದ್ದು ಪೇಜ್ ಕ್ಲಾಸ್‌ನಿಂದ. ಇದನ್ನು ನೆನಪಿಟ್ಟುಕೊಳ್ಳಿ, ಹುಕ್ ಬರೆಯುವಾಗ ಬೇಕಾಗುತ್ತದೆ.

## ಎರಡನೇ ಹೆಜ್ಜೆ: ಇರುವ ಮೆಥಡ್‌ಗಳನ್ನು ಸರಿಯಾಗಿ ಬಳಸಿ

ನಮ್ಮ ಉದಾಹರಣೆಗೆ ವಾಚನಾಲಯದ ಸೈಟನ್ನೇ ಇಟ್ಟುಕೊಳ್ಳೋಣ. ಟೆಂಪ್ಲೇಟ್ ಹೆಸರು ‘ಪುಸ್ತಕ’. ಅದರಲ್ಲಿ ಪರಿಚಯ, ಬೆಲೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಮುಖಪುಟ ಅಂತ ನಾಲ್ಕು ಫೀಲ್ಡ್. ಇನ್ನೂರು ರೂಪಾಯಿಗಿಂತ ಕಡಿಮೆ ಬೆಲೆಯ, ಈಚೆಗೆ ಸೇರಿಸಿದ ಹತ್ತು ಪುಸ್ತಕ ಬೇಕು ಅಂದರೆ ಒಂದೇ ಸಾಲು:

```
$ಹೊಸವು = $ಪೇಜಸ್->ಫೈಂಡ್("ಟೆಂಪ್ಲೇಟ್=ಪುಸ್ತಕ, ಬೆಲೆ<200, ಸಾರ್ಟ್=-ಕ್ರಿಯೇಟೆಡ್, ಲಿಮಿಟ್=10");
```

ಉದ್ಧರಣೆ ಚಿಹ್ನೆಯ ಒಳಗಿರುವುದಕ್ಕೆ ಸೆಲೆಕ್ಟರ್ ಅಂತಾರೆ. ಸಾರ್ಟ್‌ನ ಮುಂದಿನ ಮೈನಸ್ ಅಂದರೆ ಹೊಸದು ಮೊದಲು. ವಾಪಸ್ ಬರುವುದು ಪೇಜ್‌ಅರೇ ಅನ್ನುವ ಆಬ್ಜೆಕ್ಟ್. ಅದಕ್ಕೂ ಅದರದೇ ಮೆಥಡ್‌ಗಳಿವೆ: ಫಸ್ಟ್, ಲಾಸ್ಟ್, ಕೌಂಟ್, ಫಿಲ್ಟರ್. ಹಾಗಾಗಿ $ಹೊಸವು->ಫಸ್ಟ್()->ಟೈಟಲ್ ಅಂತ ಮುಂದುವರಿಸಬಹುದು.

ಬರೀ ಎಣಿಕೆ ಬೇಕಿದ್ದರೆ ಫೈಂಡ್ ಮಾಡಿ ಎಣಿಸಬೇಡಿ. $ಪೇಜಸ್->ಕೌಂಟ್ ಅಂತ ಸೆಲೆಕ್ಟರ್ ಕೊಟ್ಟರೆ ಡೇಟಾಬೇಸ್ ತಾನೇ ಎಣಿಸಿ ಒಂದು ಸಂಖ್ಯೆ ಕೊಡುತ್ತದೆ. ಪುಟಗಳನ್ನೆಲ್ಲ ಮೆಮೊರಿಗೆ ಎಳೆದು ತರುವ ಖರ್ಚು ಉಳಿಯಿತು.

ಇಲ್ಲಿ ಎಲ್ಲರೂ ಎಡವುವ ಮೂರು ಜಾಗ ಇವೆ.

ಮೊದಲನೆಯದು, ಗೆಟ್. ಒಂದೇ ಪುಟ ಬೇಕಿದ್ದಾಗ $ಪೇಜಸ್->ಗೆಟ್ ಬಳಸ್ತೇವೆ. ಪುಟ ಸಿಗದಿದ್ದರೆ ಖಾಲಿ ಬರುತ್ತದೆ ಅಂದುಕೊಂಡು ಸುಮ್ನೆ ಇಫ್ ಹಾಕಿದರೆ ಕೆಟ್ಟಿರಿ. ಬರುವುದು ನಲ್‌ಪೇಜ್ ಅನ್ನುವ ಆಬ್ಜೆಕ್ಟ್. ಪಿಎಚ್‌ಪಿಗೆ ಯಾವ ಆಬ್ಜೆಕ್ಟ್ ಆದರೂ ‘ನಿಜ’ವೇ. ಅದರ ಐಡಿ 0 ಇರುತ್ತದೆ. ಹಾಗಾಗಿ ಪರೀಕ್ಷಿಸಬೇಕಾದ್ದು ಐಡಿಯನ್ನು. ಇನ್ನೊಂದು ವಿಷಯ: ಫೈಂಡ್ ಪ್ರಕಟವಾಗದ ಪುಟಗಳನ್ನೂ ಮರೆಮಾಡಿದ ಪುಟಗಳನ್ನೂ ಬಿಟ್ಟು ಉಳಿದವನ್ನು ಕೊಡುತ್ತದೆ, ಗೆಟ್ ಅವನ್ನು ಬಿಡುವುದಿಲ್ಲ. ಕರಡು ಸ್ಥಿತಿಯಲ್ಲಿರುವ ಪುಸ್ತಕ ಸೈಟ್‌ನ ಮೊದಲ ಪುಟದಲ್ಲಿ ಮಿಂಚಿದರೆ ಮೊದಲು ಇಲ್ಲೇ ಹುಡುಕಿ. ಫೈಂಡ್‌ನ ಶಿಸ್ತು ಬೇಕು, ಆದರೆ ಒಂದೇ ಪುಟ ಸಾಕು ಅಂದರೆ ಫೈಂಡ್‌ಒನ್ ಇದೆ.

ಎರಡನೆಯದು, ಔಟ್‌ಪುಟ್ ಫಾರ್ಮ್ಯಾಟಿಂಗ್. ಟೆಂಪ್ಲೇಟ್ ಒಳಗೆ ಪುಟದ ಫೀಲ್ಡ್‌ಗಳು ತೋರಿಸಲು ಸಿದ್ಧವಾದ ರೂಪದಲ್ಲಿ ಸಿಗುತ್ತವೆ. ಹಬ್ಬಕ್ಕೆ ಉಟ್ಟು ನಿಂತ ಹಾಗೆ. ಆ ಸ್ಥಿತಿಯಲ್ಲೇ ಬೆಲೆಯನ್ನೋ ಪರಿಚಯವನ್ನೋ ಬದಲಿಸಿ ಸೇವ್ ಮಾಡಲು ಹೋದರೆ ಪ್ರೊಸೆಸ್‌ವೈರ್ ಬೈದು ನಿಲ್ಲಿಸುತ್ತದೆ. ಬದಲಿಸುವ ಮೊದಲು $ಪುಟ->ಆಫ್(ಫಾಲ್ಸ್) ಅನ್ನಿ. ‘ಆಫ್’ ಅಂದರೆ ಔಟ್‌ಪುಟ್ ಫಾರ್ಮ್ಯಾಟಿಂಗ್‌ನ ಎರಡು ಮೊದಲಕ್ಷರ, ಸ್ವಿಚ್ ಆಫ್ ಅಲ್ಲ. ನಾನು ಬಹಳ ದಿನ ತಪ್ಪು ತಿಳಿದಿದ್ದೆ.

ಮೂರನೆಯದು ಸುರಕ್ಷತೆಯದು. ಓದುಗರು ಹುಡುಕಾಟದ ಡಬ್ಬಿಯಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಸೆಲೆಕ್ಟರ್‌ಗೆ ಅಂಟಿಸಬೇಡಿ. ಒಂದು ಅಲ್ಪವಿರಾಮ ಸಾಕು, ಸೆಲೆಕ್ಟರ್‌ನ ಅರ್ಥವೇ ಬದಲಾಗಲು. $ಸ್ಯಾನಿಟೈಸರ್->ಸೆಲೆಕ್ಟರ್‌ವ್ಯಾಲ್ಯೂ ಮೂಲಕ ದಾಟಿಸಿ ಬಳಸಿ.

## ಮೂರನೇ ಹೆಜ್ಜೆ: ನಿಮ್ಮ ಮೊದಲ ಮೆಥಡ್ ಸೇರಿಸಿ

ಒಂದೇ ಲೆಕ್ಕಾಚಾರವನ್ನು ಎರಡನೇ ಟೆಂಪ್ಲೇಟ್‌ಗೆ ಕಾಪಿ ಮಾಡ್ತಿದ್ದೀರಿ ಅಂದರೆ ಅದು ಮೆಥಡ್ ಆಗಬೇಕಾದ ಹೊತ್ತು. ಓದುವ ವೇಳೆಯ ಲೆಕ್ಕ ನನಗೆ ಪುಸ್ತಕದ ಪುಟದಲ್ಲೂ ಬೇಕಿತ್ತು, ಪಟ್ಟಿಯಲ್ಲೂ ಬೇಕಿತ್ತು, ಲೇಖನಗಳ ಪುಟದಲ್ಲೂ ಬೇಕಿತ್ತು.

ಸೈಟ್ ಫೋಲ್ಡರ್‌ನಲ್ಲಿ ರೆಡಿ ಡಾಟ್ ಪಿಎಚ್‌ಪಿ ಅಂತ ಒಂದು ಫೈಲ್ ಇರುತ್ತದೆ, ಇಲ್ಲದಿದ್ದರೆ ಮಾಡಿಕೊಳ್ಳಿ. ಎಪಿಐ ಪೂರ್ತಿ ತಯಾರಾಗಿ, ಯಾವ ಪುಟ ಅನ್ನುವುದು ಗೊತ್ತಾದ ಮೇಲೆ ಪ್ರೊಸೆಸ್‌ವೈರ್ ಈ ಫೈಲನ್ನು ಓದುತ್ತದೆ. ಇದರ ಅಣ್ಣ ಇನಿಟ್ ಡಾಟ್ ಪಿಎಚ್‌ಪಿ, ಅದು ಇನ್ನೂ ಬೇಗ ಓಡುತ್ತದೆ, ಆಗ ಯಾವ ಪುಟ ಅಂತ ಗೊತ್ತಿರುವುದಿಲ್ಲ. ಫೈಲ್‌ನ ಮೊದಲ ಸಾಲಿನಲ್ಲಿ ನೇಮ್‌ಸ್ಪೇಸ್ ಪ್ರೊಸೆಸ್‌ವೈರ್ ಅಂತ ಇರಲಿ. ಆಮೇಲೆ:

```
$ವೈರ್->ಆಡ್‌ಹುಕ್‌ಮೆಥಡ್('ಪೇಜ್::ಓದುವವೇಳೆ', ಫಂಕ್ಷನ್($ಇವೆಂಟ್) {
    $ಪುಟ = $ಇವೆಂಟ್->ಆಬ್ಜೆಕ್ಟ್;
    $ವೇಗ = $ಇವೆಂಟ್->ಆರ್ಗ್ಯುಮೆಂಟ್ಸ್(0) ?: 120;
    $ಪಠ್ಯ = $ಪುಟ->ವೈರ್()->ಸ್ಯಾನಿಟೈಸರ್->ಮಾರ್ಕಪ್‌ಟುಟೆಕ್ಸ್ಟ್($ಪುಟ->ಪರಿಚಯ);
    $ಪದಗಳು = ಪ್ರೆಗ್_ಸ್ಪ್ಲಿಟ್('/\ಎಸ್+/ಯು', ಟ್ರಿಮ್($ಪಠ್ಯ));
    $ಇವೆಂಟ್->ರಿಟರ್ನ್ = ಮ್ಯಾಕ್ಸ್(1, ಸೀಲ್(ಕೌಂಟ್($ಪದಗಳು) / $ವೇಗ));
});
```

ಇಷ್ಟಾದ ಮೇಲೆ ಎಲ್ಲಿ ಬೇಕಾದರೂ $ಪೇಜ್->ಓದುವವೇಳೆ() ಅನ್ನಬಹುದು. ಮೆಥಡ್ ಹೆಸರನ್ನು ನಾನು ಇಂಗ್ಲಿಷ್ ಅಕ್ಷರದಲ್ಲೇ ಬರೆದೆ.

ಸಾಲುಗಳನ್ನು ಒಮ್ಮೆ ನೋಡೋಣ. $ಇವೆಂಟ್ ಅನ್ನುವುದು ಹುಕ್‌ಇವೆಂಟ್ ಕ್ಲಾಸ್‌ನ ಆಬ್ಜೆಕ್ಟ್. ಹುಕ್‌ಗೆ ಬೇಕಾದ್ದೆಲ್ಲ ಇದರ ಜೋಳಿಗೆಯಲ್ಲಿ. ‘ಆಬ್ಜೆಕ್ಟ್’ ಅಂದರೆ ಯಾರ ಮೇಲೆ ಮೆಥಡ್ ಕರೆದಿರೋ ಆ ಪುಟ. ‘ಆರ್ಗ್ಯುಮೆಂಟ್ಸ್(0)’ ಅಂದರೆ ಕಂಸದೊಳಗೆ ಕೊಟ್ಟ ಮೊದಲ ಮೌಲ್ಯ. ‘ರಿಟರ್ನ್’ ಅಂದರೆ ವಾಪಸ್ ಹೋಗುವ ಉತ್ತರ. ಪಿಎಚ್‌ಪಿ ಅಭ್ಯಾಸಬಲದಿಂದ ಮಾಮೂಲಿ ರಿಟರ್ನ್ ಹೇಳಿಕೆ ಬರೆದರೆ ಉತ್ತರ ಹೊರಗೆ ಬರುವುದಿಲ್ಲ. $ಇವೆಂಟ್->ರಿಟರ್ನ್‌ಗೇ ತುಂಬಬೇಕು.

ಪದ ಎಣಿಸಲು ಪಿಎಚ್‌ಪಿಯಲ್ಲಿ ಸಿದ್ಧ ಫಂಕ್ಷನ್ ಒಂದಿದೆ, ಸ್ಟ್ರ್ ವರ್ಡ್ ಕೌಂಟ್ ಅಂತ. ಅದನ್ನು ಯಾಕೆ ಬಿಟ್ಟೆ? ಅದಕ್ಕೆ ಕನ್ನಡ ಅಕ್ಷರ ಅಕ್ಷರವೇ ಅಲ್ಲ. ಹಾಗಾಗಿ ಖಾಲಿ ಜಾಗ ಕಂಡಲ್ಲಿ ಒಡೆದು ಎಣಿಸಿದ್ದೇನೆ. ಪ್ಯಾಟರ್ನ್‌ನ ‘ಎಸ್’, ‘ಯು’ ಎರಡೂ ಸಣ್ಣಕ್ಷರ. ಕೊನೆಯ ‘ಯು’ ಅಂದರೆ ಇದು ಯುನಿಕೋಡ್ ಪಠ್ಯ ಅನ್ನುವ ಸೂಚನೆ. ಎಚ್‌ಟಿಎಂಎಲ್ ಟ್ಯಾಗ್ ತೆಗೆಯಲು ಸ್ಟ್ರಿಪ್ ಟ್ಯಾಗ್ಸ್ ಬಳಸದೆ ಮಾರ್ಕಪ್‌ಟುಟೆಕ್ಸ್ಟ್ ಬಳಸಿದ್ದಕ್ಕೂ ಕಾರಣ ಇದೆ. ಎರಡು ಪ್ಯಾರಾಗಳ ನಡುವೆ ಬರೀ ಟ್ಯಾಗ್ ಇದ್ದು ಖಾಲಿ ಜಾಗ ಇಲ್ಲದಿದ್ದರೆ, ಸ್ಟ್ರಿಪ್ ಟ್ಯಾಗ್ಸ್ ಮುಗಿದಾಗ ಒಂದು ಪ್ಯಾರಾದ ಕೊನೆಯ ಪದವೂ ಇನ್ನೊಂದರ ಮೊದಲ ಪದವೂ ಅಂಟಿಕೊಂಡಿರುತ್ತವೆ.

120 ಎಲ್ಲಿಂದ ಬಂತು? ನಾನೇ ಜೋರಾಗಿ ಓದಿ, ಗಡಿಯಾರ ನೋಡಿ ಇಟ್ಟುಕೊಂಡ ಅಂದಾಜು. ಇಂಗ್ಲಿಷ್ ಸೈಟ್‌ಗಳ ಅಂಕಿಯನ್ನು ತಂದರೆ ಕನ್ನಡಕ್ಕೆ ಹೊಂದುವುದಿಲ್ಲ. ‘ಬರೆಯಬೇಕಾಗಿದ್ದರಿಂದಲೇ’ ನಮಗೆ ಒಂದೇ ಪದ, ಅವರಿಗೆ ಅದು ಒಂದು ಇಡೀ ವಾಕ್ಯದ ತುಂಡು. ನಿಮ್ಮ ಓದುಗರಿಗೆ ಸರಿ ಕಂಡದ್ದನ್ನು ಇಟ್ಟುಕೊಳ್ಳಿ. ಅದಕ್ಕೇ ಅದನ್ನು ಆರ್ಗ್ಯುಮೆಂಟ್ ಆಗಿ ಬಿಟ್ಟಿದ್ದು.

ಕಂಸ ಬೇಡ, ಸುಮ್ನೆ ಫೀಲ್ಡ್ ಥರ ಓದಬೇಕು ಅಂದರೆ ಆಡ್‌ಹುಕ್‌ಪ್ರಾಪರ್ಟಿ ಬಳಸಿ. ಉಳಿದದ್ದೆಲ್ಲ ಹೀಗೇ, ಆದರೆ ಆರ್ಗ್ಯುಮೆಂಟ್ ಕೊಡಲು ಆಗುವುದಿಲ್ಲ.

## ನಾಲ್ಕನೇ ಹೆಜ್ಜೆ: ಮೂರು ಅಂಡರ್‌ಸ್ಕೋರ್‌ಗಳ ಗುಟ್ಟು

ಈಗಾಗಲೇ ಇರುವ ಮೆಥಡ್‌ನ ನಡತೆ ಬದಲಿಸಬೇಕು. ಯಾವ ಮೆಥಡ್‌ಗೆ ಹುಕ್ ಹಾಕಬಹುದು ಅಂತ ತಿಳಿಯುವುದು ಹೇಗೆ?

ವೈರ್ ಫೋಲ್ಡರ್‌ನ ಒಳಗೆ ಕೋರ್ ಅಂತ ಒಂದು ಫೋಲ್ಡರ್ ಇದೆ. ಅಲ್ಲಿ ಪೇಜಸ್ ಡಾಟ್ ಪಿಎಚ್‌ಪಿ ತೆರೆಯಿರಿ. ಓದಲು ಮಾತ್ರ, ತಿದ್ದಬೇಡಿ! ಸೇವ್ ಅನ್ನುವ ಮೆಥಡ್ ಹುಡುಕಿ. ಅದರ ಹೆಸರಿನ ಶುರುವಿನಲ್ಲಿ ಮೂರು ಅಂಡರ್‌ಸ್ಕೋರ್ ಕಾಣಿಸುತ್ತವೆ: ___ಸೇವ್. ಈ ಮೂರು ಗೆರೆ ಇದ್ದ ಮೆಥಡ್‌ಗೆಲ್ಲ ಹುಕ್ ಹಾಕಬಹುದು.

ಒಳಗೆ ನಡೆಯುವುದು ಹೀಗೆ. ನೀವು $ಪೇಜಸ್->ಸೇವ್($ಪುಟ) ಅಂತ ಕರೀತೀರಿ. ಗೆರೆ ಇಲ್ಲದ ‘ಸೇವ್’ ಅನ್ನುವ ಮೆಥಡ್ ಆ ಕ್ಲಾಸ್‌ನಲ್ಲಿ ಇಲ್ಲವೇ ಇಲ್ಲ. ಇಲ್ಲದ ಮೆಥಡ್ ಕರೆದಾಗ ಪಿಎಚ್‌ಪಿ ಎರಡು ಗೆರೆಯ __ಕಾಲ್ ಅನ್ನುವ ಮಾಂತ್ರಿಕ ಮೆಥಡ್‌ಗೆ ಕೆಲಸ ಒಪ್ಪಿಸುತ್ತದೆ. ಪ್ರೊಸೆಸ್‌ವೈರ್‌ನ ಬಹುಪಾಲು ಕ್ಲಾಸ್‌ಗಳಿಗೆ ಮೂಲವಾದ ವೈರ್ ಕ್ಲಾಸ್‌ನಲ್ಲಿ ಅದು ಕಾದು ಕೂತಿರುತ್ತದೆ. ಮೊದಲು ‘ಬಿಫೋರ್’ ಹುಕ್‌ಗಳು, ನಂತರ ನಿಜವಾದ ___ಸೇವ್, ಕೊನೆಗೆ ‘ಆಫ್ಟರ್’ ಹುಕ್‌ಗಳು. ನಾವು ಸೇರಿಸಿದ ಹೊಸ ಮೆಥಡ್ ಸಿಗುವುದೂ ಇದೇ ಬಾಗಿಲಿನಿಂದ. ಕೋರ್ ಕೂಡ ಇದೇ ದಾರಿ ಬಳಸುತ್ತದೆ. ಎಡಿಟಬಲ್, ವ್ಯೂವಬಲ್ ಅಂತ ಪುಟದ ಮೇಲೆ ಕರೆಯುತ್ತೇವಲ್ಲ, ಅವನ್ನು ಪೇಜ್ ಕ್ಲಾಸ್‌ಗೆ ಸೇರಿಸುವುದು ಪೇಜ್‌ಪರ್ಮಿಷನ್ಸ್ ಅನ್ನುವ ಮಾಡ್ಯೂಲ್, ಅದೂ ಹುಕ್ ಹಾಕಿ.

ಬಿಫೋರ್ ಹುಕ್‌ನಲ್ಲಿ ಒಳಗೆ ಹೋಗುವ ಆರ್ಗ್ಯುಮೆಂಟ್ ಬದಲಿಸಬಹುದು. ಆಫ್ಟರ್ ಹುಕ್‌ನಲ್ಲಿ ಹೊರಬಂದ ಉತ್ತರ ಬದಲಿಸಬಹುದು. ಬಿಫೋರ್‌ನಲ್ಲಿ $ಇವೆಂಟ್->ರಿಪ್ಲೇಸ್ ಅನ್ನು ಟ್ರೂ ಮಾಡಿದರೆ ಮೂಲ ಮೆಥಡ್ ಓಡುವುದೇ ಇಲ್ಲ. ಇದನ್ನು ನಾನು ತೀರಾ ಅಪರೂಪಕ್ಕೆ ಬಳಸ್ತೇನೆ. ಮೂಲ ಮೆಥಡ್‌ಗೆ ಮುಂದೊಂದು ದಿನ ಸುಧಾರಣೆ ಬಂದರೆ ಅದು ನಮಗೆ ದಕ್ಕುವುದಿಲ್ಲವಲ್ಲ.

ಒಂದು ಸಣ್ಣ ಉದಾಹರಣೆ. ವಾಚನಾಲಯದ ಕೆಲವು ಪುಟಗಳು ಸದಸ್ಯರಿಗೆ ಮಾತ್ರ ಕಾಣಬೇಕು. ಅದಕ್ಕೆ ‘ಸದಸ್ಯರಿಗೆ’ ಅಂತ ಒಂದು ಚೆಕ್‌ಬಾಕ್ಸ್ ಫೀಲ್ಡ್:

```
$ವೈರ್->ಆಡ್‌ಹುಕ್‌ಆಫ್ಟರ್('ಪೇಜ್::ವ್ಯೂವಬಲ್', ಫಂಕ್ಷನ್($ಇವೆಂಟ್) {
    ಇಫ್(!$ಇವೆಂಟ್->ರಿಟರ್ನ್) ರಿಟರ್ನ್;
    $ಪುಟ = $ಇವೆಂಟ್->ಆಬ್ಜೆಕ್ಟ್;
    ಇಫ್($ಪುಟ->ಟೆಂಪ್ಲೇಟ್->ನೇಮ್ !== 'ಪುಸ್ತಕ') ರಿಟರ್ನ್;
    ಇಫ್($ಪುಟ->ಸದಸ್ಯರಿಗೆ) $ಇವೆಂಟ್->ರಿಟರ್ನ್ = $ಪುಟ->ವೈರ್()->ಯೂಸರ್->ಈಸ್‌ಲಾಗ್ಡ್‌ಇನ್();
});
```

ಮೊದಲ ಸಾಲು ಬಿಡಬೇಡಿ. ಮೊದಲೇ ‘ಇಲ್ಲ’ ಅಂದಿದ್ದಕ್ಕೆ ನಮ್ಮ ಹುಕ್ ಬಂದು ‘ಹೌದು’ ಅನ್ನುವಂತಾಗಬಾರದು. ಟೆಂಪ್ಲೇಟ್ ನೋಡುವ ಸಾಲೂ ಬೇಕೇ ಬೇಕು. ಪೇಜ್ ಮೇಲೆ ಹುಕ್ ಹಾಕಿದರೆ ಬಳಕೆದಾರರು, ಅಡ್ಮಿನ್ ಪುಟಗಳು, ಎಲ್ಲದಕ್ಕೂ ಅದು ಓಡುತ್ತದೆ ಅಂತ ಆಗಲೇ ಹೇಳಿದ್ದು ಇದಕ್ಕೇ.

ಇಲ್ಲೊಂದು ಮೋಸ ಇದೆ. ಪುಟ ತೆರೆಯಲು ಹೋದವರಿಗೆ ಬಾಗಿಲು ಹಾಕಿರುತ್ತದೆ, ಸರಿ. ಆದರೆ ಫೈಂಡ್ ಈ ವ್ಯೂವಬಲ್ ಹುಕ್ಕನ್ನು ಕೇಳುವುದಿಲ್ಲ. ಪಟ್ಟಿಯಲ್ಲಿ ಪುಸ್ತಕದ ಹೆಸರು, ಪರಿಚಯ ಎಲ್ಲ ಕಾಣಿಸುತ್ತಲೇ ಇರುತ್ತದೆ. ಪಟ್ಟಿಯ ಸೆಲೆಕ್ಟರ್‌ನಲ್ಲಿ ‘ಸದಸ್ಯರಿಗೆ=0’ ಅಂತ ನೀವೇ ಸೇರಿಸಬೇಕು.

## ಐದನೇ ಹೆಜ್ಜೆ: ಉಳಿಸುವ ಹೊತ್ತಿಗೆ ಮಧ್ಯೆ ಬನ್ನಿ

ಹುಕ್‌ನ ನಿಜವಾದ ಉಪಯೋಗ ಇಲ್ಲಿದೆ. ಪುಸ್ತಕದ ಮಾಹಿತಿ ತುಂಬುವವರು ಬೇರೆ ಬೇರೆ ಜನ. ಒಬ್ಬರು ಐಎಸ್‌ಬಿಎನ್ ಸಂಖ್ಯೆಯನ್ನು ಅಡ್ಡಗೆರೆ ಹಾಕಿ ಬರೀತಾರೆ, ಇನ್ನೊಬ್ಬರು ಹಾಕಲ್ಲ. ಹಿರಿಯರೊಬ್ಬರು ಕನ್ನಡ ಕೀಬೋರ್ಡ್‌ನಲ್ಲಿ ೯೭೮ ಅಂತಲೇ ಒತ್ತುತ್ತಿದ್ದರು. ಅವರದ್ದು ತಪ್ಪಲ್ಲ, ಕನ್ನಡ ಪುಸ್ತಕದ ಒಳಗೂ ಅಂಕಿ ಹಾಗೆ ಇರುವುದುಂಟು. ಆದರೆ ಪಿಎಚ್‌ಪಿಗೆ ೯೭೮ ಅನ್ನು ಪೂರ್ಣಾಂಕ ಮಾಡು ಅಂದರೆ 0 ಕೊಡುತ್ತದೆ. ಹುಡುಕಿದರೆ ಪುಸ್ತಕ ಸಿಗಲ್ಲ.

ಪರಿಹಾರ: ಉಳಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು. ಫೀಲ್ಡ್ ಪೂರ್ಣಾಂಕದ್ದಾಗಿರದೆ ಪಠ್ಯದ್ದಾಗಿರಲಿ. 13 ಅಂಕಿಯ ಸಂಖ್ಯೆ ಡೇಟಾಬೇಸ್‌ನ ಮಾಮೂಲಿ ಇಂಟ್ ಕಾಲಂನಲ್ಲಿ ಹಿಡಿಸುವುದಿಲ್ಲ, ಅದರ ಮಿತಿ 2147483647.

```
$ವೈರ್->ಆಡ್‌ಹುಕ್‌ಆಫ್ಟರ್('ಪೇಜಸ್::ಸೇವ್‌ರೆಡಿ', ಫಂಕ್ಷನ್($ಇವೆಂಟ್) {
    $ಪುಟ = $ಇವೆಂಟ್->ಆರ್ಗ್ಯುಮೆಂಟ್ಸ್(0);
    ಇಫ್($ಪುಟ->ಟೆಂಪ್ಲೇಟ್->ನೇಮ್ !== 'ಪುಸ್ತಕ') ರಿಟರ್ನ್;
    $ಅಂಕಿ = ['೦'=>'0', '೧'=>'1', '೨'=>'2', '೩'=>'3', '೪'=>'4',
             '೫'=>'5', '೬'=>'6', '೭'=>'7', '೮'=>'8', '೯'=>'9',
             '-'=>'', ' '=>''];
    $ಪುಟ->ಐಎಸ್‌ಬಿಎನ್ = ಸ್ಟ್ರ್‌ಟಿಆರ್($ಪುಟ->ಐಎಸ್‌ಬಿಎನ್, $ಅಂಕಿ);
});
```

ಗಮನಿಸಿ, ಇಲ್ಲಿ ಪುಟ ಬಂದಿದ್ದು ‘ಆಬ್ಜೆಕ್ಟ್’ನಿಂದ ಅಲ್ಲ, ಆರ್ಗ್ಯುಮೆಂಟ್‌ನಿಂದ. ಈ ಸಲ ಹುಕ್ ಹಾಕಿದ್ದು ಪೇಜಸ್‌ಗೆ, ಪೇಜ್‌ಗಲ್ಲ. ಹಾಗಾಗಿ ಆಬ್ಜೆಕ್ಟ್ ಅಂದರೆ ಮೇಸ್ತ್ರಿ, ಪುಟ ಅವನ ಕೈಯಲ್ಲಿರುವ ಸಾಮಾನು. ಒಂದು ‘ಸ್’ ವ್ಯತ್ಯಾಸಕ್ಕೆ ನಾನು ಒಂದು ಸಂಜೆ ಕಳೆದಿದ್ದೇನೆ.

ಇನ್ನೊಂದು ಗಮನಿಸಿ. ಹುಕ್‌ನೊಳಗೆ ಎಲ್ಲೂ ಸೇವ್ ಕರೆದಿಲ್ಲ. ಸೇವ್‌ರೆಡಿ ನಡೆಯುವುದೇ ಉಳಿಸುವ ತುಸು ಮೊದಲು, ಬದಲಿಸಿ ಬಿಟ್ಟರೆ ಸಾಕು, ಅದೇ ಸೇವ್‌ನಲ್ಲಿ ಸೇರಿಹೋಗುತ್ತದೆ. ನಾನು ಮೊದಲ ಸಲ ಇದನ್ನು ‘ಪೇಜಸ್::ಸೇವ್ಡ್’ ಮೇಲೆ ಬರೆದು, ಕೊನೆಯಲ್ಲಿ $ಪುಟ->ಸೇವ್() ಅಂತ ಹಾಕಿದ್ದೆ. ಸೇವ್ ಆದ ಮೇಲೆ ಹುಕ್, ಹುಕ್‌ನೊಳಗೆ ಸೇವ್, ಆ ಸೇವ್‌ಗೆ ಮತ್ತೆ ಹುಕ್. ನಾಯಿ ತನ್ನ ಬಾಲ ಹಿಡಿಯಲು ಸುತ್ತಿದ ಹಾಗೆ. ಸರ್ವರ್‌ನ ಮೆಮೊರಿ ಮುಗಿದಾಗಲೇ ಅದು ನಿಂತಿದ್ದು. ಪುಟದ ಮೌಲ್ಯ ತಿದ್ದಲು ಸೇವ್‌ರೆಡಿ, ಇಮೇಲ್ ಕಳಿಸುವಂಥ ಹೊರಗಿನ ಕೆಲಸಕ್ಕೆ ಸೇವ್ಡ್. ಇದನ್ನು ಮೀರಬೇಡಿ.

## ಆರನೇ ಹೆಜ್ಜೆ: ಪುಸ್ತಕಕ್ಕೆ ಅದರದೇ ಕ್ಲಾಸ್

ಹುಕ್‌ಗಳು ಐದಾರು ಆಗುವಷ್ಟರಲ್ಲಿ ರೆಡಿ ಫೈಲ್ ಸಂತೆಯಂತಾಗುತ್ತದೆ. ಪುಸ್ತಕಕ್ಕೆ ಸೇರಿದ್ದು, ಲೇಖನಕ್ಕೆ ಸೇರಿದ್ದು, ಎಲ್ಲ ಒಂದೇ ಕಡೆ. 3.0.152ನೇ ಆವೃತ್ತಿಯಿಂದ ಇದಕ್ಕೆ ಚೊಕ್ಕ ಉಪಾಯ ಬಂದಿದೆ: ಪ್ರತಿ ಟೆಂಪ್ಲೇಟ್‌ಗೂ ನಿಮ್ಮದೇ ಪೇಜ್ ಕ್ಲಾಸ್.

ಸೈಟ್ ಫೋಲ್ಡರ್‌ನ ಕಾನ್ಫಿಗ್ ಡಾಟ್ ಪಿಎಚ್‌ಪಿಯಲ್ಲಿ ಒಂದು ಸಾಲು ಸೇರಿಸಿ:

```
$ಕಾನ್ಫಿಗ್->ಯೂಸ್‌ಪೇಜ್‌ಕ್ಲಾಸಸ್ = ಟ್ರೂ;
```

ಈಗ ಸೈಟ್ ಫೋಲ್ಡರ್‌ನಲ್ಲಿ ಕ್ಲಾಸಸ್ ಅಂತ ಫೋಲ್ಡರ್ ಮಾಡಿ. ಹೆಸರಿಡುವ ನಿಯಮ ಕಟ್ಟುನಿಟ್ಟು. ಟೆಂಪ್ಲೇಟ್ ಹೆಸರಿನ ಮೊದಲಕ್ಷರ ದೊಡ್ಡದು ಮಾಡಿ, ಕೊನೆಗೆ ‘ಪೇಜ್’ ಸೇರಿಸಿ. ‘ಪುಸ್ತಕ’ ಟೆಂಪ್ಲೇಟ್‌ಗೆ ಪುಸ್ತಕಪೇಜ್. ‘ಸಣ್ಣ-ಕಥೆ’ ಅಂತ ಅಡ್ಡಗೆರೆ ಇದ್ದರೆ ಗೆರೆ ಹೋಗಿ ಸಣ್ಣಕಥೆಪೇಜ್, ‘ಕಥೆ’ಯ ಮೊದಲಕ್ಷರವೂ ದೊಡ್ಡದು. ಫೈಲ್ ಹೆಸರೂ ಅದೇ. ನಿಮ್ಮ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅಕ್ಷರದ ಗಾತ್ರ ತಪ್ಪಿದರೂ ಓಡಬಹುದು, ಲಿನಕ್ಸ್ ಸರ್ವರ್‌ಗೆ ಹಾಕಿದ ಕೂಡಲೇ ಕೈಕೊಡುತ್ತದೆ.

```
ನೇಮ್‌ಸ್ಪೇಸ್ ಪ್ರೊಸೆಸ್‌ವೈರ್;

ಕ್ಲಾಸ್ ಪುಸ್ತಕಪೇಜ್ ಎಕ್ಸ್‌ಟೆಂಡ್ಸ್ ಪೇಜ್ {

    ಪಬ್ಲಿಕ್ ಫಂಕ್ಷನ್ ಚಿಕ್ಕಪರಿಚಯ($ಉದ್ದ = 200) {
        $ಸ್ಯಾ = $ದಿಸ್->ವೈರ್()->ಸ್ಯಾನಿಟೈಸರ್;
        ರಿಟರ್ನ್ $ಸ್ಯಾ->ಟ್ರಂಕೇಟ್($ದಿಸ್->ಪರಿಚಯ, $ಉದ್ದ);
    }

    ಪಬ್ಲಿಕ್ ಫಂಕ್ಷನ್ ಮುಖಪುಟಕೊಂಡಿ($ಅಗಲ = 300) {
        $ಚಿತ್ರ = $ದಿಸ್->ಗೆಟ್‌ಅನ್‌ಫಾರ್ಮ್ಯಾಟೆಡ್('ಮುಖಪುಟ')->ಫಸ್ಟ್();
        ರಿಟರ್ನ್ $ಚಿತ್ರ ? $ಚಿತ್ರ->ವಿಡ್ತ್($ಅಗಲ)->ಯುಆರ್‌ಎಲ್ : '';
    }
}
```

ಬೇರೇನೂ ಮಾಡಬೇಕಿಲ್ಲ. ಫೈಂಡ್, ಗೆಟ್, ಚಿಲ್ಡ್ರನ್ ಯಾವುದರಿಂದ ಬಂದರೂ ಪುಸ್ತಕದ ಪುಟಗಳು ಇನ್ನು ಪುಸ್ತಕಪೇಜ್ ಆಬ್ಜೆಕ್ಟ್‌ಗಳಾಗಿಯೇ ಬರುತ್ತವೆ. ಮೂರನೇ ಹೆಜ್ಜೆಯ ಓದುವವೇಳೆ ಬರೀ ಪುಸ್ತಕಕ್ಕೆ ಬೇಕಿದ್ದಿದ್ದರೆ ಅದನ್ನೂ ಇಲ್ಲಿಗೇ ತರುತ್ತಿದ್ದೆ. ಲೇಖನಕ್ಕೂ ಬೇಕಿದ್ದರಿಂದ ಹುಕ್ ಆಗಿಯೇ ಉಳಿಸಿದೆ. ನನ್ನ ನಿಯಮ ನಾನೇ ಸ್ವಲ್ಪ ಸಡಿಲ ಮಾಡಿಕೊಂಡೆ, ಅಲ್ವಾ?

ಮೊದಲ ಮೆಥಡ್ ಹತ್ತಿರದಿಂದ ನೋಡಿ. ಪಠ್ಯ ಕತ್ತರಿಸಲು ಸಬ್‌ಸ್ಟ್ರ್ ಬಳಸಿದರೆ ಏನಾಗುತ್ತದೆ? ‘ಕನ್ನಡ’ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರಕ್ಷರ. ಯುನಿಕೋಡ್‌ಗೆ ಐದು: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಯುಟಿಎಫ್-8ನಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಸ್ಟ್ರ್‌ಲೆನ್ 15 ಅನ್ನುತ್ತದೆ, ಎಂಬಿ ಸ್ಟ್ರ್‌ಲೆನ್ 5 ಅನ್ನುತ್ತದೆ. ಸಬ್‌ಸ್ಟ್ರ್ ಬೈಟ್ ಲೆಕ್ಕದಲ್ಲಿ ಕತ್ತರಿಸುವುದರಿಂದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಬರುತ್ತದೆ. ಎಂಬಿ ಸಬ್‌ಸ್ಟ್ರ್ ಅಷ್ಟು ಕೆಟ್ಟದ್ದಲ್ಲ, ಆದರೂ ಮೂರಕ್ಕೆ ಕತ್ತರಿಸಿದರೆ ‘ಕನ್’ ಉಳಿಯುತ್ತದೆ, ಒತ್ತು ಹಾರಿಹೋಗಿರುತ್ತದೆ. ಸ್ಯಾನಿಟೈಸರ್‌ನ ಟ್ರಂಕೇಟ್ ಬೇರೇನೂ ಹೇಳದಿದ್ದರೆ ಪದದ ಅಂಚಿನಲ್ಲೇ ನಿಲ್ಲುತ್ತದೆ. ಕನ್ನಡಕ್ಕೆ ಇದೇ ವಾಸಿ.

ಎರಡನೇ ಮೆಥಡ್‌ನಲ್ಲಿ ಗೆಟ್‌ಅನ್‌ಫಾರ್ಮ್ಯಾಟೆಡ್ ಯಾಕೆ? ಒಂದೇ ಚಿತ್ರಕ್ಕೆ ಜಾಗ ಇರುವ ಫೀಲ್ಡ್ ಎರಡು ವೇಷ ಹಾಕುತ್ತದೆ. ಔಟ್‌ಪುಟ್ ಫಾರ್ಮ್ಯಾಟಿಂಗ್ ಇದ್ದಾಗ ನೇರ ಚಿತ್ರ ಸಿಗುತ್ತದೆ, ಇಲ್ಲದಿದ್ದಾಗ ಚಿತ್ರಗಳ ಪಟ್ಟಿ. ಟೆಂಪ್ಲೇಟ್‌ನಲ್ಲಿ ಓಡಿದ ಕೋಡ್ ಹುಕ್‌ನೊಳಗೆ ಮುರಿದು ಬೀಳುವುದು ಇದರಿಂದಲೇ. ಗೆಟ್‌ಅನ್‌ಫಾರ್ಮ್ಯಾಟೆಡ್ ಯಾವಾಗಲೂ ಪಟ್ಟಿಯನ್ನೇ ಕೊಡುತ್ತದೆ, ಅದರ ಮೊದಲನೆಯದನ್ನು ಎತ್ತಿಕೊಂಡರಾಯಿತು. ವಿಡ್ತ್ ಮೆಥಡ್ ಕೇಳಿದ ಅಗಲದ ಹೊಸ ಚಿತ್ರ ಮಾಡಿ, 300x0 ಅಂತ ಹೆಸರಿಗೆ ಸೇರಿಸಿ, ಮೂಲ ಚಿತ್ರದ ಪಕ್ಕದಲ್ಲೇ ಇಡುತ್ತದೆ. ಮೂಲಕ್ಕೆ ಏನೂ ಆಗುವುದಿಲ್ಲ.

ಕ್ಲಾಸ್ ಒಳಗೆ ಬರೀ $ಪೇಜಸ್ ಅಂತ ಬರೆದರೆ ‘ಇಂಥ ವೇರಿಯಬಲ್ ಇಲ್ಲ’ ಅನ್ನುತ್ತದೆ. ಅಲ್ಲಿ $ದಿಸ್->ವೈರ್()->ಪೇಜಸ್ ಅನ್ನಬೇಕು. $ದಿಸ್->ಪೇಜಸ್ ಅಂದರೂ ಆಗದು. ಪುಟದ ಮೇಲೆ ಅದು ‘ಪೇಜಸ್’ ಅನ್ನುವ ಫೀಲ್ಡ್ ಹುಡುಕಲು ಹೋಗುತ್ತದೆ. ಹಾಗೆಯೇ ಮೆಥಡ್‌ಗೆ ಫೀಲ್ಡ್‌ನ ಹೆಸರನ್ನೇ ಇಡಬೇಡಿ. ಪರಿಚಯ ಅನ್ನುವ ಫೀಲ್ಡ್, ಪರಿಚಯ() ಅನ್ನುವ ಮೆಥಡ್, ಎರಡೂ ಇದ್ದರೆ ಆರು ತಿಂಗಳ ನಂತರ ನಿಮಗೇ ತಲೆ ಕೆಡುತ್ತದೆ.

ನಿಮ್ಮ ಮೆಥಡ್‌ಗೂ ಬೇರೆಯವರು ಹುಕ್ ಹಾಕುವಂತಿರಬೇಕಾ? ಹೆಸರಿನ ಶುರುವಿನಲ್ಲಿ ಮೂರು ಅಂಡರ್‌ಸ್ಕೋರ್ ಹಾಕಿ. ಕರೆಯುವಾಗ ಗೆರೆ ಬಿಟ್ಟು ಕರೆಯಿರಿ. ಗೆರೆ ಸಮೇತ ಕರೆದರೆ ಹುಕ್‌ಗಳನ್ನೆಲ್ಲ ದಾಟಿ ನೇರ ಒಳಗೆ ಹೋಗುತ್ತದೆ.

ಇದೇ ಕೋಡ್ ಎರಡನೇ ಸೈಟ್‌ಗೂ ಬೇಕು ಅಂತಾದಾಗ ಮಾಡ್ಯೂಲ್ ಮಾಡಿ. ಸೈಟ್‌ನ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿ ಒಂದು ಕ್ಲಾಸ್, ಅದರಲ್ಲಿ ಗೆಟ್‌ಮಾಡ್ಯೂಲ್‌ಇನ್ಫೋ, ‘ಆಟೋಲೋಡ್’ ಟ್ರೂ, ಇನಿಟ್ ಮೆಥಡ್ ಒಳಗೆ ನಿಮ್ಮ ಹುಕ್‌ಗಳು. ಅಡ್ಮಿನ್‌ನಲ್ಲಿ ಮಾಡ್ಯೂಲ್ಸ್ ರಿಫ್ರೆಶ್ ಮಾಡಿ ಇನ್‌ಸ್ಟಾಲ್ ಒತ್ತಿ. ಒಂದೇ ಸೈಟ್‌ಗಾದರೆ ಇಷ್ಟು ಗೋಜು ಬೇಡ.

## ಏಳನೇ ಹೆಜ್ಜೆ: ಓಡ್ತಿಲ್ಲ ಅಂದಾಗ

ಹುಕ್‌ನ ಕೆಟ್ಟ ಗುಣ ಅಂದರೆ ತಪ್ಪಿದರೂ ಸದ್ದು ಮಾಡುವುದಿಲ್ಲ. ‘ಪೇಜ್::ಸೇವ್ಡ್ಡ್’ ಅಂತ ತಪ್ಪು ಕಾಗುಣಿತ ಬರೆದರೂ ದೂರು ಇಲ್ಲ. ಇಲ್ಲದ ಮೆಥಡ್‌ಗೆ ಕೊಕ್ಕೆ ಹಾಕಿ ಸುಮ್ನೆ ಕಾಯ್ತಾ ಕೂತಿರುತ್ತದೆ.

ನಾನು ಮೊದಲು ಮಾಡುವುದು ಹುಕ್‌ನ ಮೊದಲ ಸಾಲಿನಲ್ಲೇ $ಇವೆಂಟ್->ವೈರ್()->ಲಾಗ್->ಸೇವ್('ಪರೀಕ್ಷೆ', 'ಬಂದೆ') ಅಂತ ಹಾಕುವುದು. ಲಾಗ್‌ನ ಹೆಸರು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಇರಲಿ. ಅಡ್ಮಿನ್‌ನ ಲಾಗ್ಸ್ ಪುಟದಲ್ಲಿ ಸಾಲು ಕಂಡರೆ ಹುಕ್ ಓಡಿದೆ, ತಪ್ಪು ಒಳಗಿದೆ. ಕಾಣದಿದ್ದರೆ ಹೆಸರು ತಪ್ಪಿದೆ, ಅಥವಾ ಆ ಮೆಥಡ್‌ಗೆ ಮೂರು ಗೆರೆ ಇಲ್ಲ, ಅಥವಾ ಹುಕ್ ಬರೆದ ಫೈಲ್ ಓದುವಷ್ಟರಲ್ಲಿ ಘಟನೆ ಮುಗಿದುಹೋಗಿದೆ. ಕೊನೆಯದಾದರೆ ರೆಡಿಯಿಂದ ಇನಿಟ್‌ಗೆ ಸಾಗಿಸಿ ನೋಡಿ. ಎರಡು ಹುಕ್ ಒಂದೇ ಮೆಥಡ್‌ಗೆ ಇದ್ದು ಜಗಳವಾಡುತ್ತಿದ್ದರೆ ಪ್ರಯಾರಿಟಿ ಕೊಡಿ. ಏನೂ ಹೇಳದಿದ್ದರೆ ಅದು 100, ಚಿಕ್ಕ ಸಂಖ್ಯೆ ಮೊದಲು ಓಡುತ್ತದೆ. ಟ್ರೇಸಿ ಡೀಬಗರ್ ಮಾಡ್ಯೂಲ್ ಹಾಕಿಕೊಂಡರೆ ಇವೆಲ್ಲ ಬ್ರೌಸರ್‌ನಲ್ಲೇ ಕಾಣುತ್ತವೆ. $ಕಾನ್ಫಿಗ್->ಡೀಬಗ್ ಅನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಟ್ರೂ ಮಾಡಿ, ಜನ ನೋಡುವ ಸೈಟ್‌ನಲ್ಲಿ ಬೇಡ.

ಎಲ್ಲ ಓಡಿದ ಮೇಲೆ ಒಂದು ಪರೀಕ್ಷೆ ಬಾಕಿ ಇದೆ. ಬ್ಯಾಕಪ್ ತೆಗೆದುಕೊಂಡು ಸೈಟ್‌ನ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಅದರಲ್ಲಿ ವೈರ್ ಫೋಲ್ಡರ್‌ನ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಹೊಸ ಆವೃತ್ತಿಯ ವೈರ್ ಫೋಲ್ಡರ್ ಅದರ ಜಾಗಕ್ಕೆ ಹಾಕಿ. ಅಡ್ಮಿನ್‌ಗೆ ಒಮ್ಮೆ ಲಾಗಿನ್ ಆಗಿ. ಒಂದು ಪುಸ್ತಕದ ಐಎಸ್‌ಬಿಎನ್ ಜಾಗದಲ್ಲಿ ೯೭೮-೦-೩೦೬-೪೦೬೧೫-೭ ಅಂತ ತುಂಬಿ ಉಳಿಸಿ. 9780306406157 ಆಗಿ ಬದಲಾಗಬೇಕು. ಆಮೇಲೆ ಪುಸ್ತಕದ ಪುಟ ತೆರೆದು, ಪರಿಚಯದ ಕೆಳಗೆ ನಿಮಿಷದ ಲೆಕ್ಕ ಮೊದಲಿನ ಹಾಗೇ ಇದೆಯಾ ನೋಡಿ.